ನಡುವೆ ಎರಡು ಬಸ್ಸಿರಲಿ

ರಸ್ತೆಯಲ್ಲಿ ಹೋಗುವಾಗ ಯಾವುದಾದರೂ ಗೇಟಿಗೆ ‘ಟು ಲೆಟ್’ ಹಲಗೆ ನೇತುಬಿದ್ದದ್ದು ಕಂಡರೆ ನನ್ನ ಕಾಲು ತಾನಾಗಿ ನಿಂತುಬಿಡುತ್ತದೆ. ನನಗೆ ಮನೆ ಬೇಕಾಗಿಲ್ಲ. ಇರುವ ಮನೆಯ ಧೂಳು ಹೊಡೆಯುವಷ್ಟರಲ್ಲೇ ಸಾಕುಸಾಕಾಗುತ್ತದೆ. ಆದರೂ ಗೇಟು ತೆಗೆದು ಒಳಗೆ ಹೋಗಿ, ನೀರು ಎಷ್ಟು ಹೊತ್ತಿಗೆ ಬರುತ್ತೆ, ಓನರ್ ಇಲ್ಲೇ ಇರ್ತಾರಾ, ಅಡುಗೆಮನೆಗೆ ಬೆಳಕಿದೆಯಾ ಎಂದೆಲ್ಲ ವಿಚಾರಿಸಿ, ಬಚ್ಚಲಿನ ಬಾಗಿಲನ್ನು ಒಂದು ಸಲ ತೆಗೆದು ಮುಚ್ಚಿ, ‘ಯಜಮಾನರನ್ನ ಕೇಳಿ ಹೇಳ್ತೀನಿ’ ಎಂದು ಗಂಭೀರವಾಗಿ ಹೊರಬರುತ್ತೇನೆ. ಯಜಮಾನರು ಅಷ್ಟು ಹೊತ್ತಿಗೆ ಮುಂದಿನ ತಿರುವಿನಲ್ಲಿ, ಈ ಹೆಂಗಸು ಯಾರೋ ತಮಗೆ ಗೊತ್ತೇ ಇಲ್ಲ ಎಂಬ ಮುಖ ಮಾಡಿಕೊಂಡು ಎಳನೀರು ಕುಡಿಯುತ್ತಿರುತ್ತಾರೆ.

ಈ ಚಟ ನನಗೆ ಅಪ್ಪನಿಂದ ಬಂದದ್ದು. ಕೆಲವರ ಅಪ್ಪಂದಿರು ಮಕ್ಕಳಿಗೆ ಹೊಲಗದ್ದೆ ಬಿಟ್ಟು ಹೋಗುತ್ತಾರೆ, ನಮ್ಮಪ್ಪ ಇದನ್ನು ಬಿಟ್ಟು ಹೋದರು. ಎಪ್ಪತ್ತರ ದಶಕದ ನಡುವೆ ಅವರಿಗೆ ಅರಸೀಕೆರೆಯಿಂದ ಬೆಂಗಳೂರಿನ ಒಂದು ಸರ್ಕಾರಿ ಕಚೇರಿಗೆ ವರ್ಗವಾಯಿತು. ಅಪ್ಪ, ಅಮ್ಮ, ಆಗಷ್ಟೇ ಹೈಸ್ಕೂಲು ಮುಟ್ಟಿದ್ದ ನಾನು, ಇಷ್ಟೇ ನಮ್ಮ ಸಂಸಾರ. ಇಷ್ಟನ್ನು ಬೆಂಗಳೂರಿನ ಯಾವ ಮೂಲೆಯಲ್ಲಿ ಇಳಿಸಬೇಕೆಂಬುದೇ ಪ್ರಶ್ನೆ. ಅಪ್ಪ ಮಲ್ಲೇಶ್ವರದಲ್ಲಿದ್ದ ತಮ್ಮ ಅಕ್ಕ, ಅಂದರೆ ನನ್ನ ಪದ್ದತ್ತೆಯ ಮನೆಯಲ್ಲಿ ಉಳಿದುಕೊಂಡು, ಹಗಲು ಕಚೇರಿ, ಸಂಜೆ ಮನೆ ಹುಡುಕಾಟ ಎಂದು ಶುರು ಮಾಡಿದರು. ಶನಿವಾರ ರೈಲು ಹತ್ತಿ ಊರಿಗೆ ಬಂದು ವರದಿ ಒಪ್ಪಿಸುತ್ತಿದ್ದರು.

ಅಪ್ಪನ ಕಷ್ಟವೆಂದರೆ ಅವರು ಎಲ್ಲರನ್ನೂ ಕೇಳುತ್ತಿದ್ದರು. ಕಚೇರಿಯ ಸಹೋದ್ಯೋಗಿಗಳನ್ನು ಕೇಳಿದರು, ಕ್ಷೌರದವನನ್ನು ಕೇಳಿದರು, ಕಂಡಕ್ಟರನನ್ನು ಕೇಳಿ ಟಿಕೆಟ್ ಕೊಳ್ಳುವುದನ್ನೇ ಮರೆತರು. ಹೆತ್ತವರಿಗೆ ಹೆಗ್ಗಣ ಮುದ್ದು ಎಂಬಂತೆ ಯಾರನ್ನು ಕೇಳಿದರೂ ಅವರವರ ಬಡಾವಣೆಯೇ ಕೈಲಾಸ. ಮಲ್ಲೇಶ್ವರದವರ ಪ್ರಕಾರ ಬಸವನಗುಡಿಯಲ್ಲಿ ಪೆನ್ಷನ್ ತೆಗೆದುಕೊಳ್ಳುವವರನ್ನು ಬಿಟ್ಟರೆ ಬೇರೆ ಜೀವಿಗಳೇ ಇಲ್ಲ. ಬಸವನಗುಡಿಯವರ ಪ್ರಕಾರ ಮಲ್ಲೇಶ್ವರದವರು ಹುರುಳಿಕಾಯಿ ತರುವುದಕ್ಕೂ ಬೂಟು ಹಾಕಿಕೊಂಡು ಹೋಗುತ್ತಾರೆ. ಇಬ್ಬರೂ ಸೇರಿ ಒಪ್ಪುತ್ತಿದ್ದ ಸಂಗತಿ ಒಂದೇ, ಅದು ಚಾಮರಾಜಪೇಟೆ ಸಂಸಾರಸ್ಥರಿಗೆ ಲಾಯಕ್ಕಾದ ಜಾಗವಲ್ಲ ಎನ್ನುವುದು. ಮಾರ್ಕೆಟ್ಟಿನ ಗಲಾಟೆ, ಕಲಾಸಿಪಾಳ್ಯದ ಲಾರಿ, ಬಿನ್ನಿಪೇಟೆ ಕಡೆಯ ಮಿಲ್ಲಿನ ಕೂಗು, ಇವುಗಳ ನಡುವೆ ಮಕ್ಕಳು ಓದುವುದುಂಟೇ ಎಂದು ಅವರ ವಾದ. ಜಯನಗರದ ಆಚೆ ಸೈಟು ತೆಗೆದುಕೊಳ್ಳಿ ಎಂದವನೊಬ್ಬನಿದ್ದ. ಅಲ್ಲಿ ನರಿ ಕೂಗುತ್ತದೆಂದು ಅಪ್ಪ ನಕ್ಕುಬಿಟ್ಟರು. ಬೆಂಗಳೂರಿನ ಪ್ರತಿಯೊಂದು ಮನೆತನಕ್ಕೂ ಹೀಗೆ ಕೊಳ್ಳದೆ ಬಿಟ್ಟ ಸೈಟು ಒಂದಿರುತ್ತದೆ, ನಮ್ಮದು ಅದು. ಇನ್ನು ಅದರ ಸುದ್ದಿ ಎತ್ತುವುದಿಲ್ಲ.

ಮನೆಯ ಯಜಮಾನರ ಸಂದರ್ಶನಗಳನ್ನಂತೂ ಅಪ್ಪ ಶನಿವಾರ ರಾತ್ರಿ ಅಭಿನಯಿಸಿ ತೋರಿಸುತ್ತಿದ್ದರು. ಸರ್ಕಾರಿ ಕೆಲಸಕ್ಕೆ ಸೇರುವಾಗ ಕೂಡ ತಮ್ಮನ್ನು ಅಷ್ಟು ಪ್ರಶ್ನೆ ಯಾರೂ ಕೇಳಿರಲಿಲ್ಲ ಎನ್ನುತ್ತಿದ್ದರು. ಗೋಡೆಗೆ ಮೊಳೆ ಹೊಡೆಯುತ್ತೀರಾ, ರೇಡಿಯೋ ಎಷ್ಟು ಜೋರಾಗಿ ಹಾಕುತ್ತೀರಿ, ಊರಿಂದ ನೆಂಟರು ಬಂದರೆ ಎಷ್ಟು ಜನ ಬರುತ್ತಾರೆ, ಬಂದವರು ಹೋಗುತ್ತಾರಾ? ಬಸವನಗುಡಿಯ ಒಬ್ಬ ಯಜಮಾನರು ಅಪ್ಪನಿಗೆ ಗೊರಕೆ ಹೊಡೆಯುವ ಅಭ್ಯಾಸ ಉಂಟೇ ಎಂದು ಕೇಳಿದರಂತೆ. ಅದನ್ನು ಅಪ್ಪ ಪ್ರಾಮಾಣಿಕವಾಗಿ ಒಪ್ಪಿಕೊಂಡದ್ದರಿಂದ ಆ ಮನೆ ಕೈತಪ್ಪಿತು.

ಅಮ್ಮ ಇದೆಲ್ಲವನ್ನೂ ನಗುತ್ತ ಕೇಳಿ, ಕೊನೆಗೆ ಒಂದೇ ಪ್ರಶ್ನೆ ಕೇಳುತ್ತಿದ್ದಳು. ‘ಅಲ್ಲಿಂದ ಅಕ್ಕನ ಮನೆಗೆ ನೇರ ಬಸ್ಸಿದೆಯಾ?’

ಅಕ್ಕ ಎಂದರೆ ಪದ್ದತ್ತೆ. ಈ ಪ್ರಶ್ನೆಯ ಹಿಂದೆ ಏನಿತ್ತೆಂದು ಅಪ್ಪನಿಗೆ ಗೊತ್ತಿರಲಿಲ್ಲ, ನನಗೆ ಗೊತ್ತಿತ್ತು. ಅರಸೀಕೆರೆಯಲ್ಲಿ ನಮ್ಮದು ಕೂಡುಕುಟುಂಬ. ಅಡುಗೆಮನೆ ದೊಡ್ಡಮ್ಮನದು. ದೊಡ್ಡಮ್ಮ ಕೆಟ್ಟವರೇನಲ್ಲ, ಆದರೆ ಸಾರಿಗೆ ಬೆಲ್ಲ ಹಾಕುತ್ತಿದ್ದರು. ಅಮ್ಮನಿಗೆ ಹುಳಿ ಬೇಕು. ಮದುವೆಯಾಗಿ ಬಂದಾಗಿನಿಂದ ಅಮ್ಮ ಆ ಮನೆಯಲ್ಲಿ ಹೆಚ್ಚಿದ್ದಳು, ರುಬ್ಬಿದ್ದಳು, ಬಡಿಸಿದ್ದಳು, ಆದರೆ ಇವತ್ತು ಏನು ಅಡುಗೆ ಎಂದು ಒಂದು ದಿನವೂ ತಾನಾಗಿ ತೀರ್ಮಾನ ಮಾಡಿರಲಿಲ್ಲ. ವರ್ಗದ ಆರ್ಡರು ಬಂದ ವಾರ ನನ್ನ ತಲೆಗೆ ಎಣ್ಣೆ ತಿಕ್ಕುತ್ತ, ಯಾರಿಗೂ ಕೇಳಿಸದ ಹಾಗೆ ಹೇಳಿದಳು: ‘ನನಗೆ ಬೇಕಾದಷ್ಟು ಹುಣಸೆಹಣ್ಣು ಕಿವುಚಿ ಒಂದು ಸಾರು ಮಾಡ್ಬೇಕು ಕಣೆ. ಯಾರೂ ಬಂದು ಮುಚ್ಚಳ ತೆಗೆದು ನೋಡಬಾರದು.’

ಬೆಂಗಳೂರಿನಲ್ಲಿ ಮುಚ್ಚಳ ತೆಗೆದು ನೋಡುವವರಿಗೆ ಬರವಿರಲಿಲ್ಲ. ಬಸವನಗುಡಿಯಲ್ಲಿ ಅಮ್ಮನ ಅಣ್ಣ, ನನ್ನ ಸೋದರಮಾವ ಇದ್ದರು. ಮಲ್ಲೇಶ್ವರದಲ್ಲಿ ಪದ್ದತ್ತೆ. ಪದ್ದತ್ತೆ ಅಂದರೆ ಸಾಮಾನ್ಯರಲ್ಲ. ಪಂಚಾಂಗ ಅವರ ನಾಲಿಗೆಯ ಮೇಲೆ, ಬೀಗದಕೈ ಗೊಂಚಲು ಸೊಂಟದಲ್ಲಿ, ಅಭಿಪ್ರಾಯ ಎಲ್ಲದರ ಮೇಲೂ. ಆದ್ದರಿಂದ ಅಮ್ಮನ ಲೆಕ್ಕಾಚಾರ ಹೀಗಿತ್ತು: ಪದ್ದತ್ತೆಯ ಮನೆಗೂ ನಮ್ಮ ಮನೆಗೂ ನಡುವೆ ಎರಡು ಬಸ್ಸು ಇರಬೇಕು. ಒಂದೇ ಬಸ್ಸಾದರೆ ಸುಮ್ಮನೆ ಹತ್ತಿ ಬಂದುಬಿಡುತ್ತಾರೆ. ಎರಡಾದರೆ ಯೋಚನೆ ಮಾಡಿ, ಸೀರೆ ಉಟ್ಟು, ಹೇಳಿ ಕಳಿಸಿ ಬರುತ್ತಾರೆ. ಮೂರಾದರೆ ದೂರ ಮಾಡಿದಳು ಎಂಬ ಮಾತು ಬರುತ್ತದೆ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ನೀರು, ಗಾಳಿ, ಸ್ಕೂಲು ಎಂದೆಲ್ಲ ಹೇಳಿಕೊಂಡು ಬಡಾವಣೆ ಆರಿಸುವವರು ಎಷ್ಟೋ ಜನ. ಅಮ್ಮನಷ್ಟು ಶಾಸ್ತ್ರೀಯವಾಗಿ ಆರಿಸಲು ಹೊರಟವರನ್ನು ನಾನು ಕಂಡಿಲ್ಲ.

ಎಡವಟ್ಟಾದದ್ದು ಅಪ್ಪನಿಂದ. ಹೆಂಡತಿ ವಾರವಾರವೂ ಅಕ್ಕನ ಮನೆಗೆ ನೇರ ಬಸ್ಸು ಕೇಳುವುದನ್ನು ನೋಡಿ ಅವರ ಕಣ್ಣು ತುಂಬಿ ಬಂತು. ‘ಸುಶೀಲಂಗೆ ನಿನ್ನ ಹತ್ತಿರಾನೇ ಇರಬೇಕು ಅಂತ ಆಸೆ ಅಕ್ಕಾ’ ಎಂದು ಪದ್ದತ್ತೆಗೆ ಹೇಳಿಬಿಟ್ಟರು. ಪದ್ದತ್ತೆಯ ಪಕ್ಕದ ಮನೆ ಆಗಷ್ಟೇ ಖಾಲಿಯಾಗಿತ್ತು. ಇಲ್ಲೇ ಬಂದುಬಿಡಿ ಎಂದರು ಅತ್ತೆ. ಬರ್ತೀವಿ ಎಂದರು ಅಪ್ಪ. ಐದು ನಿಮಿಷದಲ್ಲಿ ನಮ್ಮ ಹಣೆಬರಹ ತೀರ್ಮಾನವಾಗಿಹೋಯಿತು.

ಬೇಸಿಗೆ ರಜೆ ಮುಗಿಯುವ ಹೊತ್ತಿಗೆ ನಾವು ಮೂವರೂ ಬೆಂಗಳೂರಿಗೆ ಬಂದಿಳಿದೆವು. ಪದ್ದತ್ತೆ ಅಮ್ಮನನ್ನು ಹಿತ್ತಲಿಗೆ ಕರೆದುಕೊಂಡು ಹೋಗಿ ಎರಡು ಮನೆಗಳ ನಡುವಿನ ಗೋಡೆ ತೋರಿಸಿದರು. ‘ಇಲ್ಲೊಂದು ಬಾಗಿಲು ಇಡಿಸಿಬಿಡ್ತೀನಿ ಸುಶೀಲಾ. ಚಪ್ಪಲಿ ಕೂಡ ಹಾಕ್ಕೊಳ್ಳೋದು ಬೇಡ, ಹಾಗೇ ಬರಬಹುದು, ಹೋಗಬಹುದು.’ ಅಮ್ಮ ಗೋಡೆಯನ್ನು ನೋಡಿದಳು. ಗೋಡೆಯಾಚೆ ತನ್ನ ಸಾರಿನ ಪಾತ್ರೆ, ಅದರ ಮುಚ್ಚಳ, ಮುಚ್ಚಳ ಹಿಡಿದ ಪದ್ದತ್ತೆಯ ಕೈ, ಎಲ್ಲವೂ ಅವಳಿಗೆ ಕಂಡಿರಬೇಕು. ‘ಹೂಂ ಅಕ್ಕ’ ಎಂದಳು. ದೊಡ್ಡವರಿಗೆ ಬೇಡ ಎನ್ನುವ ಶಬ್ದವನ್ನು ಅವಳಿಗೆ ಯಾರೂ ಕಲಿಸಿರಲಿಲ್ಲ. ಅವತ್ತು ರಾತ್ರಿ ನನ್ನ ಪಕ್ಕ ಮಲಗಿ ಅವಳು ಸದ್ದಿಲ್ಲದೆ ಅತ್ತದ್ದು ನನಗೆ ಗೊತ್ತಾಯಿತು. ನನಗೂ ಸಂಕಟವಾಯಿತು, ಆದರೆ ಮಾಡುವುದೇನು?

ಮುಂದಿನ ವಾರ ಆಷಾಢ ಹಿಡಿಯುತ್ತಿತ್ತು. ಆಷಾಢದಲ್ಲಿ ಹೊಸ ಮನೆಗೆ ಹೋಗುವ ಹಾಗಿಲ್ಲ. ಆದ್ದರಿಂದ ಆ ಭಾನುವಾರ ದಿನ ಚೆನ್ನಾಗಿದೆ, ಸಂಜೆಯೊಳಗೆ ಪಕ್ಕದ ಮನೆಗೆ ಅಡ್ವಾನ್ಸ್ ಕೊಟ್ಟು ಹಾಲುಕ್ಕಿಸಿಬಿಡೋಣ ಎಂದು ಪದ್ದತ್ತೆ ಹುಕುಂ ಹೊರಡಿಸಿದರು. ಹಾಲುಕ್ಕಿಸುವ ವಿಷಯದಲ್ಲಿ ಪದ್ದತ್ತೆಯದು ಸುಪ್ರೀಂ ಕೋರ್ಟು. ಒಳ್ಳೆಯ ದಿನ, ಖಾಲಿ ಮನೆಯಲ್ಲಿ, ಗಂಡ ಹೆಂಡತಿ ಇಬ್ಬರೂ ನಿಂತಿದ್ದಾಗ ಹಾಲು ಉಕ್ಕಿತೆಂದರೆ ಅದು ಅವರ ಮನೆ. ಅದನ್ನು ಬಿಟ್ಟು ಬೇರೆ ಕಡೆ ಒಲೆ ಹಚ್ಚಿದರೆ ಸಂಸಾರಕ್ಕೆ ಒಳ್ಳೆಯದಲ್ಲ. ನಮ್ಮ ನೆಂಟರ ಪೈಕಿ ಒಬ್ಬರು ಹೀಗೆ ಹಾಲುಕ್ಕಿಸಿದ ಮೇಲೆ ಸೂರು ಸೋರುತ್ತದೆಂದು ಗೊತ್ತಾಗಿ ಮನೆ ಬದಲಾಯಿಸಲು ಹೊರಟಾಗ, ಪದ್ದತ್ತೆ ಅವರನ್ನು ಅಲ್ಲೇ ಕೂರಿಸಿ, ನಡುಮನೆಗೆ ಬಕೆಟ್ಟು ಇಟ್ಟುಕೊಳ್ಳಲು ಹೇಳಿದ್ದರು. ಅವರು ಅದನ್ನು ಮಳೆಗಾಲ ಪೂರ್ತಿ ಪಾಲಿಸಿದರು.

ಆ ಭಾನುವಾರ ಮಧ್ಯಾಹ್ನ ಬಸವನಗುಡಿಯ ಸೋದರಮಾವನ ಮನೆಯಲ್ಲಿ ಪದ್ದತ್ತೆಯೂ ಸೇರಿ ನಮಗೆಲ್ಲ ಊಟ. ಮಲ್ಲೇಶ್ವರದಲ್ಲಿ ಮನೆ ಮಾಡುವ ವಿಷಯ ಮಾವನಿಗೆ ತಿಳಿಸಿ, ಅವರು ಮುಖ ಊದಿಸಿಕೊಂಡದ್ದನ್ನು ನೋಡಿ, ಹೋಳಿಗೆ ತಿಂದು ಹೊರಟೆವು. ಹೋಳಿಗೆ ಕರಗಲಿ, ಮಾರ್ಕೆಟ್ಟಿನವರೆಗೆ ನಡೆದು ಅಲ್ಲಿ ಬಸ್ಸು ಹಿಡಿಯೋಣ ಎಂದರು ಅಪ್ಪ. ಚಾಮರಾಜಪೇಟೆಯ ಒಂದು ಅಡ್ಡರಸ್ತೆಯಲ್ಲಿ ‘ಟು ಲೆಟ್’ ಹಲಗೆ ಕಂಡಿತು. ಅಪ್ಪ ನಿಂತರು. ಮನೆ ಗೊತ್ತಾಗಿದೆಯಲ್ಲ, ಇನ್ನೇನು ನೋಡೋದು ಎಂದು ಪದ್ದತ್ತೆ ಬೈದರೂ, ಸುಮ್ಮನೆ ನೋಡೋಣ ಎಂದು ಗೇಟು ತೆಗೆದೇಬಿಟ್ಟರು.

ಮನೆಯೊಡತಿ ತುಂಗಮ್ಮನವರು ಮುಂದಿನ ಭಾಗದಲ್ಲಿದ್ದರು, ಖಾಲಿ ಇದ್ದದ್ದು ಹಿಂದಿನ ಭಾಗ. ತಮ್ಮ ಅಡುಗೆಮನೆಗೆ ಸುಣ್ಣ ಹೊಡೆಸುತ್ತಿದ್ದುದರಿಂದ ಅವರು ತಮ್ಮ ಸೀಮೆಎಣ್ಣೆ ಸ್ಟೌವನ್ನು ಹಿಂದಿನ ಅಡುಗೆಮನೆಗೆ ತಂದಿಟ್ಟುಕೊಂಡಿದ್ದರು. ಬಂದವರಿಗೆ ಕಾಫಿ ಕೊಡದೆ ಕಳಿಸುವ ಪೈಕಿಯಲ್ಲ. ಸ್ಟೌ ಹಚ್ಚಿ ಹಾಲಿಟ್ಟರು. ಅಷ್ಟರಲ್ಲಿ ಹೊರಗಿನ ನಲ್ಲಿಯಲ್ಲಿ ನೀರು ಬಂದ ಸದ್ದಾಯಿತು. ಆ ಕಾಲದಲ್ಲಿ ನಲ್ಲಿಯಲ್ಲಿ ನೀರು ಬಂದರೆ ಬೆಂಗಳೂರಿನ ಹೆಂಗಸರು ದೇವರ ಪೂಜೆಯನ್ನೂ ಅರ್ಧಕ್ಕೆ ಬಿಟ್ಟು ಓಡುತ್ತಿದ್ದರು. ‘ಸ್ವಲ್ಪ ಹಾಲು ನೋಡ್ಕೊಳ್ಳಮ್ಮ’ ಎಂದು ಅಮ್ಮನಿಗೆ ಹೇಳಿ ತುಂಗಮ್ಮನವರು ಬಿಂದಿಗೆ ಎತ್ತಿಕೊಂಡು ಓಡಿದರು.

ಪದ್ದತ್ತೆ ಅಡುಗೆಮನೆಯ ನಡುವೆ ನಿಂತು ದೋಷ ಎಣಿಸಲು ಶುರು ಮಾಡಿದರು. ನೆಲ ಒಂದು ಕಡೆಗೆ ವಾಲಿದೆ. ಕಟ್ಟೆ ತಗ್ಗಾಯಿತು, ಸೊಂಟ ನೋಯುತ್ತದೆ. ಬಚ್ಚಲು ಮನೆಯ ಈಶಾನ್ಯಕ್ಕೆ ಬಂದಿದೆ, ಯಾವ ಗಂಡಸು ಕಟ್ಟಿಸಿದನೋ. ಅಪ್ಪ ಬಾಗಿಲಿಗೆ ಒರಗಿ ಪ್ರತಿಯೊಂದಕ್ಕೂ ತಲೆಯಾಡಿಸುತ್ತಿದ್ದರು. ನಾನು ಹೊಸಿಲ ಮೇಲೆ ನಿಂತಿದ್ದೆ. ಅಮ್ಮ ಸ್ಟೌವಿನ ಮುಂದೆ ಕೈಕಟ್ಟಿಕೊಂಡು ನಿಂತು ಹಾಲನ್ನೇ ನೋಡುತ್ತಿದ್ದಳು.

ಒಂದು ಮಾತು ಹೇಳಬೇಕು. ನಮ್ಮಮ್ಮ ಹಾಲು ಉಕ್ಕಿಸುವ ಪೈಕಿಯೇ ಅಲ್ಲ. ಅರಸೀಕೆರೆಯ ದೊಡ್ಡ ಸಂಸಾರದಲ್ಲಿ, ಹತ್ತು ಕೆಲಸಗಳ ನಡುವೆ, ಹಾಲು ಕಾಯಿಸುವುದು ಅವಳ ಪಾಲಿನದು. ಹಿತ್ತಲಿನಲ್ಲಿ ಬಟ್ಟೆ ಹಿಂಡುತ್ತಿದ್ದವಳು ವಾಸನೆ ಹಿಡಿದು ಓಡಿ ಬಂದು ಇಳಿಸುತ್ತಿದ್ದಳು. ಅವಳ ಕೈಯಲ್ಲಿ ಒಂದು ಹನಿ ಹಾಲು ಒಲೆಗೆ ಬಿದ್ದದ್ದನ್ನು ನಾನು ಕಂಡಿರಲಿಲ್ಲ. ಅಂಥವಳ ಕಣ್ಣೆದುರಿಗೇ ಹಾಲು ನೊರೆಗಟ್ಟಿತು, ಎದ್ದಿತು, ಪಾತ್ರೆಯ ಅಂಚಿಗೆ ಬಂತು. ಪದ್ದತ್ತೆ ಕಿಟಕಿಯ ಹತ್ತಿರ ಹೋಗಿ ಕಿಟಕಿಯ ದೋಷ ಹೇಳುತ್ತಿದ್ದರು. ಅಮ್ಮನ ಕೈ ಕಟ್ಟಿದ್ದು ಕಟ್ಟಿದ ಹಾಗೇ ಇತ್ತು. ಹಾಲು ಭುಸ್ಸೆಂದು ಉಕ್ಕಿ ಸ್ಟೌ ಆರಿಹೋಯಿತು. ಮನೆ ತುಂಬ ಸೀದ ಹಾಲಿನ, ಸೀಮೆಎಣ್ಣೆಯ ವಾಸನೆ.

ಬಿಂದಿಗೆ ಹೊತ್ತು ಬಂದ ತುಂಗಮ್ಮನವರು ನೋಡಿದರು, ಬಿಂದಿಗೆ ಇಳಿಸಿದರು. ನೆಲ ವಾಲಿದ್ದ ಕಡೆಗೆ ಹಾಲು ಹರಿದಿತ್ತು. ‘ಮೂಡಲಿಗೇ ಹರಿದಿದೆ. ಒಳ್ಳೇದಾಯ್ತು ಬಿಡಿ’ ಎಂದರು.

ಅಪ್ಪ ಅಕ್ಕನ ಮುಖ ನೋಡಿದರು. ಒಳ್ಳೆಯ ದಿನ ಎಂದು ಅತ್ತೆ ತಾವೇ ಹೇಳಿದ್ದರು. ಮನೆ ಖಾಲಿ. ಗಂಡ ಹೆಂಡತಿ ಇಬ್ಬರೂ ನಿಂತಿದ್ದಾರೆ. ಪದ್ದತ್ತೆಯ ಕಾನೂನಿನಲ್ಲಿ ಅಪೀಲಿಗೆ ಅವಕಾಶವೇ ಇರಲಿಲ್ಲ. ಅತ್ತೆ ನಿಟ್ಟುಸಿರು ಬಿಟ್ಟು, ಅಪ್ಪನ ಕಡೆ ತಿರುಗಿ, ‘ಋಣ ಎಲ್ಲಿರುತ್ತೋ ಅಲ್ಲೇ. ಅಡ್ವಾನ್ಸ್ ಇವರಿಗೇ ಕೊಡು ನಾಣಿ’ ಎಂದರು. ಅಮ್ಮ ತಲೆ ತಗ್ಗಿಸಿ ಸ್ಟೌ ಒರೆಸುತ್ತಿದ್ದಳು. ಅವಳ ಕಿವಿಯ ತುದಿ ಕೆಂಪಾಗಿತ್ತು.

ಹೀಗೆ ನಾವು ಚಾಮರಾಜಪೇಟೆಯವರಾದೆವು. ಮಿಲ್ಲು ಕೂಗಿದಾಗ ಎದ್ದೆವು, ಲಾರಿಗಳ ಸದ್ದಿನಲ್ಲಿ ನಿದ್ದೆ ಮಾಡಿದೆವು. ಆ ಗಲಾಟೆಯಲ್ಲೇ ನಾನು ಎಸ್ಸೆಸ್ಸೆಲ್ಸಿ ಪಾಸಾದೆ, ಗಣಿತದಲ್ಲಿ ಬಂದ ಅಂಕಗಳಿಗೆ ಲಾರಿಗಳನ್ನು ದೂರಿದೆ. ಆಷಾಢಕ್ಕೆ ಮುಂಚೆ ಮನೆ ಸೇರಿದ ಮೊದಲ ದಿನವೇ ಅಮ್ಮ ಸಾರು ಮಾಡಿದಳು. ಬಾಯಿಗಿಟ್ಟರೆ ಕಣ್ಣು ಮುಚ್ಚಿಹೋಗುವಷ್ಟು ಹುಳಿ. ಅಪ್ಪನ ಇಡೀ ಮುಖ ಕಿವುಚಿಕೊಂಡಿತು, ಆದರೆ ಅಮ್ಮನ ಮುಖ ನೋಡಿ ಇನ್ನೊಂದು ಸೌಟು ಹಾಕಿಸಿಕೊಂಡರು. ನನ್ನಮ್ಮ ಅಷ್ಟು ಚೆಂದ ಕಂಡದ್ದನ್ನು ನಾನು ಅದಕ್ಕೆ ಮುಂಚೆ ನೋಡಿರಲಿಲ್ಲ.

ಪದ್ದತ್ತೆ ತಿಂಗಳಿಗೊಮ್ಮೆ ಬರುತ್ತಿದ್ದರು. ಮಾರ್ಕೆಟ್ಟಿನಲ್ಲಿ ಬಸ್ಸು ಬದಲಾಯಿಸಿ, ಬೆವರೊರೆಸಿಕೊಂಡು, ಕೈಯಲ್ಲಿ ಚೀಲ ಹಿಡಿದು ಬರುವ ಅತ್ತೆಯನ್ನು ಕಂಡರೆ ಅಮ್ಮನಿಗೆ ನಿಜವಾದ ಸಂತೋಷ. ಫ್ಯಾನಿನ ಕೆಳಗೆ ಕೂರಿಸಿ ಮೊದಲ ಡಿಕಾಕ್ಷನ್ನಿನ ಕಾಫಿ ಕೊಡುತ್ತಿದ್ದಳು. ದೂರದ ಬೆಟ್ಟ ಮಾತ್ರವಲ್ಲ, ದೂರದ ನಾದಿನಿಯೂ ನುಣ್ಣಗೇ. ಅತ್ತೆ ಅಡುಗೆಮನೆಗೆ ಬಂದು ಮುಚ್ಚಳ ತೆಗೆದು ನೋಡಿದ್ದೂ ಉಂಟು. ತಿಂಗಳಿಗೊಂದು ಸಲವಲ್ಲವೇ, ಅಮ್ಮ ತಾನೇ ಸೌಟಿನಲ್ಲಿ ಎತ್ತಿ ಕೊಟ್ಟು, ರುಚಿ ನೋಡಿ ಅಕ್ಕ ಎನ್ನುತ್ತಿದ್ದಳು. ಇಬ್ಬರೂ ಮಧ್ಯಾಹ್ನವಿಡೀ ಅಕ್ಕಿ ಆರಿಸುತ್ತ ಅಪ್ಪನನ್ನು ಆಡಿಕೊಂಡು ನಗುತ್ತಿದ್ದರು. ಅಪ್ಪನ ಕಡೆಯವರಲ್ಲಿ ಅಮ್ಮ ಮನಸ್ಸು ಬಿಚ್ಚಿ ಮಾತಾಡಿದ್ದು ಪದ್ದತ್ತೆಯ ಹತ್ತಿರ ಮಾತ್ರ.

ಎಂಬತ್ತರ ದಶಕದಲ್ಲಿ ನನಗೆ ಮದುವೆಯಾಯಿತು. ಗಂಡನದು ಬ್ಯಾಂಕಿನ ಕೆಲಸ, ಅವರ ಮನೆ ಬಸವನಗುಡಿಯಲ್ಲಿ. ಮಹಡಿಯ ಮೇಲೆ ಎರಡು ರೂಮು ಕಟ್ಟಿಸಿಕೊಡುತ್ತೇವೆ, ಅಲ್ಲೇ ಇರಿ ಎಂದು ನನ್ನ ಅತ್ತೆ ಮಾವ ಪ್ರೀತಿಯಿಂದಲೇ ಹೇಳಿದರು. ರಾಜಾಜಿನಗರದಲ್ಲಿ ಒಂದು ಮನೆ ನೋಡಿಟ್ಟುಕೊಂಡಿದ್ದ ನಾನು, ಅಮ್ಮನ ಮಗಳಲ್ಲವೇ, ‘ಹೂಂ’ ಎಂದು ಬಂದುಬಿಟ್ಟಿದ್ದೆ. ತಲೆಕೆಟ್ಟು ಪದ್ದತ್ತೆಯ ಮನೆಗೆ ಹೋದೆ. ಅವರು ಹಿತ್ತಲ ಕಟ್ಟೆಯ ಮೇಲೆ ಕೂತು ಅವರೆಕಾಳು ಹಿಸುಕುತ್ತಿದ್ದರು. ನನ್ನ ಕಥೆ ಎಲ್ಲ ಕೇಳಿ, ಕೆಲಸ ನಿಲ್ಲಿಸದೆ ಹೇಳಿದರು:

‘ನಿಮ್ಮಮ್ಮ ಅವತ್ತು ಹಾಲಿನ ಮುಂದೆ ಕೈಕಟ್ಕೊಂಡು ನಿಂತಿದ್ದಳಲ್ಲ, ನಾನೂ ನೋಡ್ದೆ.’

ನೋಡಿ ಏನು ಮಾಡಿದಿರಿ ಎಂದೆ.

‘ಏನ್ ಮಾಡ್ಲಿ. ಕಿಟಕಿ ಕಡೆ ತಿರುಗಿ, ಅದರದ್ದೊಂದು ದೋಷ ಹುಡುಕ್ದೆ.’

ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಅತ್ತೆ ಒಂದೊಂದಾಗಿ ಹೇಳಿದರು. ತಮ್ಮನನ್ನು ಪಕ್ಕದ ಮನೆಗೆ ಕರೆದದ್ದು ಬಾಯಿಮಾತಿಗೆ. ಅಕ್ಕನಾಗಿ ಕರೆಯದೆ ಇರಲಾಗುತ್ತದೆಯೇ, ಆ ಪೆದ್ದ ಬರ್ತೀನಿ ಎಂದುಬಿಟ್ಟ. ಗೋಡೆಗೆ ಬಾಗಿಲು ಇಡಿಸುತ್ತೇನೆಂದರೆ ಅವನ ಹೆಂಡತಿಯಾದರೂ ಹೆದರಿ ಬೇಡ ಅನ್ನುತ್ತಾಳೆ ಎಂದುಕೊಂಡರೆ, ಅವಳೂ ‘ಹೂಂ ಅಕ್ಕ’ ಎಂದಳು. ಅವತ್ತು ರಾತ್ರಿ ತಮಗೂ ನಿದ್ದೆ ಬರಲಿಲ್ಲವಂತೆ.

ಅಮ್ಮ ನಿಮಗೆ ಅಷ್ಟು ಬೇಡವಾಗಿದ್ದಳಾ ಎಂದು ಕೇಳಿದೆ. ಕೇಳುವಾಗ ನನಗೆ ಸ್ವಲ್ಪ ನೋವಾಗಿತ್ತು.

ಅತ್ತೆ ಅವರೆಕಾಳಿನ ಕೈಯಲ್ಲೇ ಗೋಡೆಯ ಕಡೆ ತೋರಿಸಿದರು. ‘ಆ ಮನೇಲಿ ಮೊದಲು ನನ್ನ ವಾರಗಿತ್ತಿ ಇದ್ದಳು. ಅಕ್ಕತಂಗೀರ ಥರ ಇದ್ವಿ. ಅಲ್ಲಿ ಬಾಗಿಲಿತ್ತು, ನಾವೇ ಆಸೆ ಪಟ್ಟು ಇಡಿಸಿದ್ದು. ದಿನಾ ಹೋಗಿ ಬಂದು, ದಿನಾ ಒಂದು ಮಾತು ಬೆಳೆದು, ಕೊನೆಗೆ ಅದನ್ನ ಇಟ್ಟಿಗೆ ಹಾಕಿ ಮುಚ್ಚಿಸಿದ್ವಿ. ಈಗ ಅವಳು ಯಾವ ಊರಲ್ಲಿದಾಳೆ ಅಂತ್ಲೂ ನನಗೆ ಗೊತ್ತಿಲ್ಲ. ನಿಮ್ಮಮ್ಮ ನನಗೆ ಬೇಕಾಗಿದ್ದಳು ಕಣೆ. ಅವಳನ್ನೂ ಹಾಗೆ ಕಳ್ಕೊಳ್ಳೋದು ಬೇಡ ಅನ್ನಿಸ್ತು.’

ಗೋಡೆಯ ಆ ಜಾಗದಲ್ಲಿ ಸುಣ್ಣದ ಬಣ್ಣ ಸ್ವಲ್ಪ ಬೇರೆಯಾಗಿದ್ದದ್ದು ನನಗೆ ಅವತ್ತೇ ಕಂಡದ್ದು. ಅತ್ತೆ ಎದ್ದು, ಹಿಸುಕಿದ ಅವರೆಕಾಳಿನಲ್ಲಿ ಅರ್ಧ ಪಾಲು ಡಬ್ಬಿಗೆ ತುಂಬಿ, ಹೋಗ್ತಾ ಚಾಮರಾಜಪೇಟೆಯಲ್ಲಿ ಇಳಿದು ಸುಶೀಲಂಗೆ ಕೊಟ್ಟು ಹೋಗು ಎಂದರು. ರಾಜಾಜಿನಗರದ ಮನೆಗೆ ನಾಳೆಯೇ ಅಡ್ವಾನ್ಸ್ ಕೊಡು, ನಿಮ್ಮ ಅತ್ತೆಗೆ ನಾನು ಹೇಳ್ತೀನಿ ಎಂದರು. ಬಾಗಿಲವರೆಗೆ ಬಂದವರು ನನ್ನ ಭುಜ ಹಿಡಿದು ನಿಲ್ಲಿಸಿದರು.

‘ಹಾಲಿನ ವಿಷಯ ನಿಮ್ಮಮ್ಮನಿಗೆ ಹೇಳ್ಬೇಡ. ನನ್ನನ್ನ ಗೆದ್ದೆ ಅಂತ ಇಷ್ಟು ವರ್ಷದಿಂದ ಒಳಗೊಳಗೇ ಖುಷಿಯಾಗಿದಾಳೆ. ಇರಲಿ ಬಿಡು.’